ಬಾವಿಕಟ್ಟೆಯ ಒಂದೆಲಗ ಬಾಲ್ಕನಿಗೆ

ಪುತ್ತೂರು, ಸುಳ್ಯದ ಕಡೆ ಮಧ್ಯಾಹ್ನದ ಊಟಕ್ಕೆ ತಂಬುಳಿ ಆಗಬೇಕೆಂದರೆ ಯಾರೂ ಪೇಟೆಗೆ ಹೋಗುತ್ತಿರಲಿಲ್ಲ. ಬಾವಿಕಟ್ಟೆಯ ಬದಿಗೋ ಅಡಿಕೆ ತೋಟದ ಕಣಿಯ ಅಂಚಿಗೋ ಹೋಗಿ ಒಂದು ಹಿಡಿ ಒಂದೆಲಗ ಕಿತ್ತು ತಂದರಾಯಿತು. ತುಳುವಿನಲ್ಲಿ ಇದು ತಿಮರೆ, ಆಯುರ್ವೇದದಲ್ಲಿ ಮಂಡೂಕಪರ್ಣಿ. ತಮಿಳರ ವಲ್ಲಾರೈ, ಸಿಂಹಳೀಯರ ಗೊಟುಕೊಲ ಕೂಡ ಇದೇ ಗಿಡ.

ನಮ್ಮಲ್ಲಿ ಇದನ್ನು ಬ್ರಾಹ್ಮಿ ಎಂದೂ ಕರೆಯುವುದರಿಂದ ಗೊಂದಲ ಶುರುವಾಗುತ್ತದೆ. ಕೇರಳದಲ್ಲಿ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ. ಅದು ಬೇರೆಯೇ ಗಿಡ: ಎಲೆ ಸಣ್ಣದು, ದಪ್ಪನೆಯದು, ಜೋಡಿ ಜೋಡಿಯಾಗಿ ಬರುತ್ತದೆ. ನರ್ಸರಿಯಲ್ಲಿ ಹೆಸರು ಹೇಳಿ ಕೊಳ್ಳಬೇಡಿ, ಎಲೆ ನೋಡಿ ಕೊಳ್ಳಿ. ಒಂದೆಲಗದಲ್ಲಿ ಒಂದು ದಂಟಿಗೆ ಒಂದೇ ಎಲೆ. ಅರ್ಧಕ್ಕಿಂತ ಹೆಚ್ಚು ಬಿಚ್ಚಿದ ಬೀಸಣಿಗೆಯಂತೆ ದುಂಡಗಿದ್ದು, ದಂಟು ಸೇರುವಲ್ಲಿ ಸೀಳು, ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚು ಇರುತ್ತದೆ. ದಂಟು ಎಲೆಯ ನಡುಮಧ್ಯಕ್ಕೆ ಬಂದು ಕೊಡೆಯ ಕೋಲಿನಂತೆ ಸೇರಿದ್ದರೆ ಅದು ಅಲಂಕಾರಕ್ಕೆ ಬೆಳೆಸುವ ಇನ್ನೊಂದು ಜಾತಿ. ಒಂದೆಲಗದ ಎಲೆಯನ್ನು ಹಿಸುಕಿ ಮೂಸಿದರೆ ಹಸಿರು ವಾಸನೆಯ ಹಿಂದೆ ಕೊತ್ತಂಬರಿಯ ನೆನಪಾಗುತ್ತದೆ. ಒಂದೆಲಗ, ಕೊತ್ತಂಬರಿ ಎರಡೂ ಒಂದೇ ಕುಟುಂಬದ ಗಿಡಗಳು.

ಇದನ್ನು ಬೆಳೆಸುವುದಕ್ಕೆ ಬೀಜದ ತಂಟೆ ಬೇಡ. ಗಿಡದಿಂದ ನೂಲಿನಂಥ ಹಂಬು ಹೊರಟು ನೆಲದ ಮೇಲೆ ಹರಿಯುತ್ತದೆ. ಬೆರಳುದ್ದಕ್ಕೊಂದು ಗಂಟು. ಗಂಟಿನ ಕೆಳಗೆ ಬಿಳಿ ಬೇರು, ಮೇಲೆ ಒಂದೆರಡು ಎಲೆ. ಬೇರಿರುವ ಒಂದು ಗಂಟು ಸಿಕ್ಕಿದರೆ ಅದೇ ಒಂದು ಗಿಡ. ಬೆಂಗಳೂರಿನ ಮನೆಯಲ್ಲಿ ನಾನು ಮೊದಲು ಇದನ್ನು ನೆಟ್ಟದ್ದು ತುಳಸಿಗೆಂದು ತಂದ ಆಳವಾದ ಕುಂಡದಲ್ಲಿ, ಮಹಡಿಯ ಮೇಲೆ. ಏಪ್ರಿಲ್ ಬಿಸಿಲಿಗೆ ಎಲೆಗಳೆಲ್ಲ ಕಂದಿ ಮುದುಡಿದವು. ಊರಲ್ಲಿ ಇದು ಎಲ್ಲಿ ಬೆಳೆಯುತ್ತಿತ್ತು ಎಂದು ನೆನಪಿಸಿಕೊಂಡ ಮೇಲೆ ದಾರಿ ತಿಳಿಯಿತು. ಅಡಿಕೆ ಮರದ ಚದುರಿದ ನೆರಳು, ಸದಾ ಒದ್ದೆ ನೆಲ, ಹರಡಲು ಜಾಗ, ಈ ಮೂರನ್ನೂ ಬಾಲ್ಕನಿಯಲ್ಲಿ ಒದಗಿಸಬೇಕು.

ಕುಂಡ ಆಳವಾಗಿರಬೇಕಿಲ್ಲ, ಅಗಲವಾಗಿರಲಿ. ಬಿರುಕು ಬಿಟ್ಟ ಹಳೆಯ ಪ್ಲಾಸ್ಟಿಕ್ ಟಬ್ಬಿಗೆ ತಳದಲ್ಲಿ ನಾಲ್ಕು ತೂತು ಕೊರೆದರೂ ಸಾಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೊಳೆತ ಸಗಣಿ ಗೊಬ್ಬರ, ಸ್ವಲ್ಪ ಮರಳು. ಬೆಳಗಿನ ಎಳೆಬಿಸಿಲು ಬಿದ್ದು, ಮಧ್ಯಾಹ್ನ ನೆರಳಾಗುವ ಜಾಗದಲ್ಲಿ ಇಡಿ. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲವಾದರೂ ನೀರು ಬೇಕು. ಮಣ್ಣು ಒಣಗಕೂಡದು, ನೀರು ನಿಂತು ನಾರಲೂ ಕೂಡದು. ನೆರಳು ಹೆಚ್ಚಾದರೆ ದಂಟು ಉದ್ದವಾಗಿ ಎಲೆ ತೆಳ್ಳಗಾಗುತ್ತದೆ, ಬಿಸಿಲು ಹೆಚ್ಚಾದರೆ ಎಲೆ ಚಿಕ್ಕದಾಗಿ ಒರಟಾಗುತ್ತದೆ. ಹಂಬು ಟಬ್ಬಿನ ಅಂಚು ದಾಟಿ ಇಳಿಬಿದ್ದರೆ ಎತ್ತಿ ಮತ್ತೆ ಮಣ್ಣಿನ ಮೇಲಿಟ್ಟು ಗಂಟನ್ನು ಮೆಲ್ಲಗೆ ಒತ್ತಿ. ಬಲಿತ ಎಲೆಗಳನ್ನು ಆಗಾಗ ಕೊಯ್ಯುತ್ತಿರಬೇಕು. ಕೊಯ್ಯದೆ ಬಿಟ್ಟ ಗಿಡ ಕಿಕ್ಕಿರಿದು, ಅಡಿಯ ಎಲೆಗಳು ಹಳದಿಯಾಗುತ್ತವೆ.

ಮನೆಯಲ್ಲೇ ಬೆಳೆಸಿ ಎಂದು ಒತ್ತಿ ಹೇಳಲು ಒಂದು ಕಾರಣವಿದೆ. ಈ ಗಿಡ ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿಕೊಂಡು ತನ್ನಲ್ಲಿ ಇಟ್ಟುಕೊಳ್ಳಬಲ್ಲದು. ಪೇಟೆಯ ಚರಂಡಿ ಬದಿಯಲ್ಲೋ ಕೊಳಚೆ ನೀರು ಸೇರುವ ಕೆರೆಯಂಚಿನಲ್ಲೋ ಎಷ್ಟೇ ಸೊಂಪಾಗಿ ಬೆಳೆದಿದ್ದರೂ ಅಲ್ಲಿಂದ ಕಿತ್ತು ತಿನ್ನಬಾರದು. ಕಳೆನಾಶಕ ಹೊಡೆಯುವ ತೋಟಗಳ ಎಲೆಯೂ ಬೇಡ.

ಔಷಧದ ಮಾತಿಗೆ ಬಂದರೆ, ಗಾಯ ಮಾಯಿಸುವ ಗುಣಕ್ಕೆ ಆಧಾರವಿದೆ. 1940ರ ದಶಕದಲ್ಲಿ ಮಡಗಾಸ್ಕರ್‌ನಲ್ಲಿ, ಇದರಿಂದ ಬೇರ್ಪಡಿಸಿದ ಏಷಿಯಾಟಿಕೋಸೈಡ್ ಎಂಬ ಅಂಶವನ್ನು ಕುಷ್ಠರೋಗಿಗಳ ಹುಣ್ಣುಗಳಿಗೆ ಬಳಸಿ ನೋಡಿದ್ದರು. ನೆನಪಿನ ಶಕ್ತಿ ಹೆಚ್ಚಿಸುತ್ತದೆಂಬ ನಂಬಿಕೆಗೆ ಅಷ್ಟು ಗಟ್ಟಿಯಾದ ಪುರಾವೆ ಇನ್ನೂ ಸಿಕ್ಕಿಲ್ಲ. ಪರೀಕ್ಷೆಯ ಹೊತ್ತಿಗೆ ಮಕ್ಕಳಿಗೆ ರಸ ಹಿಂಡಿ ಕುಡಿಸುವ ಆತುರ ಬೇಡ. ಇದರ ಸಾರದ ಮಾತ್ರೆಗಳನ್ನು ತೆಗೆದುಕೊಂಡ ಕೆಲವರಿಗೆ ಯಕೃತ್ತಿಗೆ ತೊಂದರೆಯಾದ ವರದಿಗಳೂ ಇವೆ. ಬಸುರಿಯರು, ಯಕೃತ್ತಿನ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಔಷಧವಾಗಿ ತೆಗೆದುಕೊಳ್ಳಬಾರದು.

ಊಟಕ್ಕೆ ಮಾತ್ರ ಇದು ಹಿತವಾದ ಸೊಪ್ಪು. ಬೇರಿನ ಮಣ್ಣು ಹೋಗುವಂತೆ ಮೂರ್ನಾಲ್ಕು ನೀರಲ್ಲಿ ತೊಳೆದ ಒಂದು ಹಿಡಿ ಒಂದೆಲಗ, ಕಾಲು ಹೋಳು ತೆಂಗಿನಕಾಯಿಯ ತುರಿ, ಚಿಟಿಕೆ ಜೀರಿಗೆ, ನಾಲ್ಕು ಕಾಳುಮೆಣಸು. ನುಣ್ಣಗೆ ಅರೆದು ಮಜ್ಜಿಗೆ, ಉಪ್ಪು ಸೇರಿಸಿ ಒಗ್ಗರಣೆ ಕೊಟ್ಟರೆ ತಂಬುಳಿ ಸಿದ್ಧ. ಇದನ್ನು ಕುದಿಸುವ ಕ್ರಮವಿಲ್ಲ. ನಾಲಿಗೆಯ ಮೇಲೆ ಮೊದಲು ಹುಳಿ ಬಂದು ಹೋಗಿ, ಆಮೇಲೆ ತೆಳುವಾದ ಕಹಿ ಉಳಿಯುತ್ತದೆ. ಬಿಸಿ ಕುಚ್ಚಲಕ್ಕಿ ಅನ್ನಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ.

ಮಳೆಗಾಲ ಹಿಡಿದ ಮೊದಲ ವಾರ ನೆಡಲು ಸರಿಯಾದ ಹೊತ್ತು. ಊರಿಗೆ ಹೋದಾಗ ನಂಟರ ಮನೆಯಂಗಳದಿಂದ ಬೇರು ಸಮೇತ ನಾಲ್ಕು ಗಂಟು ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ಟಬ್ಬು ತುಂಬಿದ ಮೇಲೆ ಪಕ್ಕದ ಮನೆಯವರಿಗೂ ನಾಲ್ಕು ಗಂಟು ಕೊಡಿ.