ಲಾರಿಯ ಹೇರು, ಊರಿನ ದಾರಿ

ನಮ್ಮ ಬೀದಿಯ ತಿರುವಿನಲ್ಲಿ ಒಂದು ಮೋರಿಯಿದೆ. ಕಳೆದ ಮಳೆಗಾಲ ಆರಂಭವಾಗುವ ಮುನ್ನ ಅದರ ಹಾಸುಗಲ್ಲುಗಳು ಮುರಿದು ಕುಸಿದುಬಿದ್ದವು. ಶಾಲೆಗೆ ಹೋಗುವ ಮಕ್ಕಳು ಮೂರು ತಿಂಗಳ ಕಾಲ ಕೆಸರು ತುಳಿದು ಬಳಸುದಾರಿಯಲ್ಲಿ ನಡೆಯಬೇಕಾಯಿತು. ಬೀದಿಯವರೆಲ್ಲ ಸೇರಿ ಮೋರಿ ಕಟ್ಟಿದವರನ್ನು ಬೈದೆವು. ಪಂಡಿತನೆನಿಸಿಕೊಂಡ ನಾನು ನಾಲ್ಕು ಮಾತು ಹೆಚ್ಚಾಗಿಯೇ ಬೈದೆ.

ಆಗ ನನ್ನ ಮನೆಯ ಮೇಲೆ ಒಂದು ಕೊಠಡಿ ಕಟ್ಟಿಸುವ ಕೆಲಸ ನಡೆದಿತ್ತು. ಜಲ್ಲಿ ತರುತ್ತಿದ್ದ ಟಿಪ್ಪರಿನ ಚಾಲಕ ನನ್ನ ಹಳೆಯ ವಿದ್ಯಾರ್ಥಿ. ಅವನು ತಲೆ ತಗ್ಗಿಸಿಕೊಂಡು, “ಮೇಷ್ಟ್ರೇ, ಮೋರಿ ಮುರಿದದ್ದು ನನ್ನ ಗಾಡಿಯಿಂದಲೇ. ಮೂರು ಲೋಡಿನ ಮಾಲನ್ನು ಎರಡರಲ್ಲಿ ತಂದರೆ ಬಾಡಿಗೆ ಉಳಿಯುತ್ತದಲ್ಲ ಎಂದು ಹೇಳಿದವರು ತಾವೇ ಅಲ್ಲವೆ?” ಎಂದ. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಆ ನಾಚಿಕೆಯಿಂದ ಈ ವಿಷಯವನ್ನು ಸ್ವಲ್ಪ ಓದಿ, ಕೇಳಿ ತಿಳಿದುಕೊಂಡೆ. ತಿಳಿದುದನ್ನು ತಮ್ಮ ಮುಂದಿಡುತ್ತಿದ್ದೇನೆ.

ಮನುಷ್ಯ ತಲೆಯ ಮೇಲೆ ಹೊರುವುದು ಹೊರೆ. ಎತ್ತಿನ ಬೆನ್ನಿಗೆ ಏರಿಸುವುದು ಹೇರು. ಹೊರೆ ಹೆಚ್ಚಾದರೆ ಮನುಷ್ಯ ‘ಆಗದು’ ಎನ್ನುತ್ತಾನೆ. ಹೇರು ಹೆಚ್ಚಾದರೆ ಎತ್ತು ನಡುದಾರಿಯಲ್ಲಿ ಮಲಗಿಬಿಡುತ್ತದೆ. ಲಾರಿಗೆ ಬಾಯಿಯೂ ಇಲ್ಲ, ಮಲಗುವ ಸ್ವಭಾವವೂ ಇಲ್ಲ. ಅದು ನರಳುತ್ತಲೇ ಎಳೆದುಕೊಂಡು ಹೋಗುತ್ತದೆ. ಮಲಗುವುದು ರಸ್ತೆ. ಆದಕಾರಣ ಎತ್ತು ತಾನೇ ಹೇಳುತ್ತಿದ್ದ ‘ಇಷ್ಟು ಸಾಕು’ ಎಂಬ ಮಾತನ್ನು ಲಾರಿಯ ಪರವಾಗಿ ಕಾನೂನು ಹೇಳಬೇಕಾಗಿದೆ.

ಲಾರಿಯ ಭಾರ ರಸ್ತೆಗೆ ಇಳಿಯುವುದು ಚಕ್ರಗಳ ಮೂಲಕ. ಎರಡು ಪಕ್ಕದ ಚಕ್ರಗಳನ್ನು ಕೂಡಿಸುವ ಅಚ್ಚಿಗೆ ಲಾರಿಯವರು ಆಕ್ಸಲ್ ಎನ್ನುತ್ತಾರೆ. ರಸ್ತೆಯ ಮಟ್ಟಿಗೆ ಲಾರಿಯ ಒಟ್ಟು ತೂಕಕ್ಕಿಂತ ಒಂದೊಂದು ಅಚ್ಚಿನ ಮೇಲೆ ಬೀಳುವ ಭಾರವೇ ಮುಖ್ಯ. ಹೆಚ್ಚು ಸರಕು ಒಯ್ಯುವ ಲಾರಿಗಳಿಗೆ ಹೆಚ್ಚು ಅಚ್ಚುಗಳಿರುವುದು ಇದೇ ಕಾರಣದಿಂದ. ಚಕ್ರ ಹಾದುಹೋದಾಗಲೆಲ್ಲ ಡಾಂಬರಿನ ಮೈ ಕಣ್ಣಿಗೆ ಕಾಣದಷ್ಟು ಬಾಗಿ ಮೇಲೇಳುತ್ತದೆ. ಬಾಗುವುದು ಮಿತಿಯಲ್ಲಿದ್ದರೆ ರಸ್ತೆ ವರ್ಷಗಟ್ಟಲೆ ಬಾಳುತ್ತದೆ. ಮಿತಿ ಮೀರಿದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಮಳೆಯ ನೀರು ಇಳಿಯುತ್ತದೆ, ಕೆಳಗಿನ ಜಲ್ಲಿ ಮಣ್ಣು ಸಡಿಲವಾಗುತ್ತದೆ. ಕೊನೆಗೆ ನಮಗೆ ಕಾಣುವುದು ಗುಂಡಿ. ಗುಂಡಿ ತೋಡಿದ ಅಪವಾದ ಮಳೆಗೆ ಬರುತ್ತದೆ. ಬಾಗಿಲು ತೆರೆದುಕೊಟ್ಟದ್ದು ಚಕ್ರ.

ಈ ಹಾನಿಯನ್ನು ಅಳೆದು ನೋಡಿದವರುಂಟು. ಅಮೆರಿಕದ ಇಲಿನಾಯ್ ಸಂಸ್ಥಾನದ ಒಟ್ಟಾವ ಎಂಬ ಊರಿನ ಬಳಿ 1958ರಿಂದ 1960ರವರೆಗೆ, ಪರೀಕ್ಷೆಗೆಂದೇ ಬೇರೆಬೇರೆ ದಪ್ಪದ ರಸ್ತೆಗಳನ್ನು ಹಾಸಿ, ಬೇರೆಬೇರೆ ಭಾರದ ಲಾರಿಗಳನ್ನು ಸೈನಿಕರ ಕೈಯಲ್ಲಿ ಓಡಿಸಿದರು. ಹತ್ತು ಲಕ್ಷಕ್ಕೂ ಮೀರಿ ಅಚ್ಚುಗಳು ಆ ರಸ್ತೆಗಳ ಮೇಲೆ ಹಾದುಹೋದವು. ಹೊರಬಂದ ಫಲಿತಾಂಶವಿದು: ಅಚ್ಚಿನ ಭಾರ ಹೆಚ್ಚಿದಂತೆ ರಸ್ತೆಯ ಸವೆತವು ಸುಮಾರಾಗಿ ಅದರ ನಾಲ್ಕನೆಯ ಘಾತದಂತೆ ಹೆಚ್ಚುತ್ತದೆ. ಅಂದರೆ ಭಾರ ಇಮ್ಮಡಿಯಾದರೆ ಸವೆತ ಎರಡು ಪಟ್ಟಲ್ಲ. ಎರಡನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ 16 ಪಟ್ಟು. ಗಣಿತದಲ್ಲಿ ‘ಘಾತ’ವೆಂದರೆ ಒಂದು ಅರ್ಥ, ಬಳಕೆಯ ಮಾತಿನಲ್ಲಿ ಪೆಟ್ಟು ಎಂದು ಇನ್ನೊಂದು ಅರ್ಥ. ರಸ್ತೆಯ ಪಾಲಿಗೆ ಎರಡೂ ಒಂದೇ. ಎಲ್ಲ ರಸ್ತೆಗಳಿಗೂ ಈ ಲೆಕ್ಕ ಕೂದಲಿನಷ್ಟೂ ವ್ಯತ್ಯಾಸವಿಲ್ಲದೆ ಹೊಂದುವುದಿಲ್ಲವಾದರೂ, ರಸ್ತೆ ಕಟ್ಟುವವರು ಇಂದಿಗೂ ಇದನ್ನೇ ಆಧಾರವಾಗಿ ಹಿಡಿಯುತ್ತಾರೆ.

ಈಗ ನನ್ನ ಜಲ್ಲಿಯ ಲೆಕ್ಕಕ್ಕೆ ಬರೋಣ. ಎರಡು ಅಚ್ಚಿನ ಲಾರಿಗೆ ನಮ್ಮ ದೇಶದಲ್ಲಿ ಮುಂದಿನ ಅಚ್ಚಿನ ಮೇಲೆ 7 ಟನ್, ನಾಲ್ಕು ಟೈರುಗಳಿರುವ ಹಿಂದಿನ ಅಚ್ಚಿನ ಮೇಲೆ 11.5 ಟನ್, ಒಟ್ಟು 18.5 ಟನ್ ಮಿತಿ. ಖಾಲಿ ಲಾರಿಯ ತೂಕ 6 ಟನ್ ಎಂದಿಟ್ಟುಕೊಂಡರೆ 12.5 ಟನ್ ಸರಕು ಹೇರಬಹುದು. ಮೂರು ಸಲ ಬಂದರೆ 37.5 ಟನ್ ಬಂತು. ಅದರ ಬದಲು ಒಂದೊಂದು ಸಲಕ್ಕೆ 18.5 ಟನ್ ಹೇರಿ ಎರಡೇ ಸಲ ತಂದರೆ 37 ಟನ್. ಹೆಚ್ಚುಕಡಿಮೆ ಅಷ್ಟೇ ಮಾಲು. ಆದರೆ ಆಗ ಹಿಂದಿನ ಅಚ್ಚಿನ ಮೇಲೆ 16.5 ಟನ್ ಬಿತ್ತೆನ್ನಿ. ಘಾತದ ಲೆಕ್ಕ ಹಾಕಿದರೆ ಆ ಅಚ್ಚಿನಿಂದಾಗುವ ಸವೆತ ಒಂದೊಂದು ಸಲಕ್ಕೂ ನಾಲ್ಕು ಪಟ್ಟನ್ನು ಮೀರುತ್ತದೆ. ನ್ಯಾಯವಾದ ಮೂರು ಲೋಡಿನಿಂದ ರಸ್ತೆ ಮೂರು ಪಾಲು ಸವೆದರೆ, ನನ್ನ ಜಾಣತನದ ಎರಡು ಲೋಡಿನಿಂದ ಎಂಟು ಪಾಲಿಗೂ ಮೀರಿ ಸವೆಯಿತು. ಒಂದು ಟ್ರಿಪ್ಪಿನ ಬಾಡಿಗೆ ನನ್ನ ಜೇಬಿನಲ್ಲಿ ಉಳಿಯಿತು. ನಷ್ಟವನ್ನು ಊರೇ ಹಂಚಿಕೊಂಡಿತು.

ನಷ್ಟ ರಸ್ತೆಗೆ ಮಾತ್ರವೂ ಅಲ್ಲ. ಓಡುವ ಲಾರಿಯನ್ನು ನಿಲ್ಲಿಸುವುದೆಂದರೆ ಅದರ ವೇಗವನ್ನೆಲ್ಲ ಬ್ರೇಕಿನಲ್ಲಿ ಶಾಖವಾಗಿ ಅರಗಿಸುವುದು. ಭಾರ ಒಂದೂವರೆಯಾದರೆ ಶಾಖವೂ ಒಂದೂವರೆ. ಘಟ್ಟ ಇಳಿಯುವಾಗ ಬ್ರೇಕು ಕಾದು ಹಿಡಿತ ತಪ್ಪುವುದು, ಟೈರು ಒಡೆಯುವುದು ಇದರಿಂದಲೇ. ಎದುರಿಗೆ ಬರುವ ಬಸ್ಸಿನಲ್ಲಿ ನಾವೋ ನಮ್ಮವರೋ ಇರಬಹುದು.

ಇಂಥ ಅತಿಭಾರವನ್ನು ಕಣ್ಣಿನಿಂದ ಅಳೆಯಲಾಗದು. ಹತ್ತಿ ತುಂಬಿದ ಲಾರಿ ಆನೆಯಂತೆ ಕಂಡರೂ ಹಗುರ. ಕಬ್ಬಿಣದ ಅದಿರಿನ ಲಾರಿ ಅರ್ಧ ಖಾಲಿಯಂತೆ ಕಂಡರೂ ಭಾರ. ಬಳ್ಳಾರಿ ಸೀಮೆಯ ಅದಿರು ಲಾರಿಗಳಲ್ಲಿ ಬಂದರುಗಳಿಗೆ ಹರಿದುಹೋದ ಕಾಲವನ್ನು ನಮ್ಮ ನಾಡು ಮರೆತಿಲ್ಲ. ಸಂಡೂರು ಹೊಸಪೇಟೆಗಳ ಕಡೆಯಿಂದ ಅಂಕೋಲೆಯ ಬೇಲೆಕೇರಿಯವರೆಗೆ ದಾರಿಯುದ್ದಕ್ಕೂ ಕೆಂಪು ಧೂಳು, ಗುಂಡಿ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರ ಡಿಸೆಂಬರಿನಲ್ಲಿ ಸರ್ಕಾರಕ್ಕೆ ಒಪ್ಪಿಸಿದ ಗಣಿ ವರದಿಯಲ್ಲಿ ಅಕ್ರಮ ಗಣಿಗಾರಿಕೆಯ ಜೊತೆಗೆ ಅತಿಭಾರದ ಲಾರಿಗಳ ವಿಚಾರವೂ ಸೇರಿತ್ತು.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯಿದೆಯ 113ನೆಯ ಕಲಮು ತೂಕದ ಮಿತಿಯನ್ನು ಮೀರಕೂಡದೆನ್ನುತ್ತದೆ. 114ನೆಯದು ಅಧಿಕಾರಿಗೆ ಲಾರಿಯನ್ನು ತೂಗಿಸುವ ಅಧಿಕಾರ ಕೊಡುತ್ತದೆ. ನಮ್ಮ ಜನ ‘ಬ್ರೇಕ್ ಇನ್ಸ್‌ಪೆಕ್ಟರ್’ ಎಂದು ಕರೆಯುವ ಅಧಿಕಾರಿ, ಮುಂದಿನ ಹಾದಿಯಲ್ಲಿ 10 ಕಿಲೋಮೀಟರಿನೊಳಗೆ ಇರುವ ವೇಬ್ರಿಜ್‌ಗೆ ಲಾರಿಯನ್ನು ಕರೆದೊಯ್ಯಿಸಬಹುದು. ತೂಕ ಹೆಚ್ಚಾಗಿದ್ದರೆ ಹೆಚ್ಚಿನದನ್ನು ಇಳಿಸುವವರೆಗೆ ಲಾರಿ ಕದಲದಂತೆ ಆಜ್ಞೆ ಮಾಡಬಹುದು. 194ನೆಯ ಕಲಮಿನ ದಂಡ ಮೊದಲು ಕನಿಷ್ಠ 2,000 ರೂಪಾಯಿ ಮತ್ತು ಹೆಚ್ಚುವರಿ ಟನ್ನಿಗೆ 1,000 ರೂಪಾಯಿ ಇತ್ತು. 2019ರ ತಿದ್ದುಪಡಿ ಅದನ್ನು 20,000 ಮತ್ತು ಟನ್ನಿಗೆ 2,000 ರೂಪಾಯಿಗೆ ಏರಿಸಿತು. ಸರಕು ಇಳಿಸುವ ಖರ್ಚೂ ತಪ್ಪು ಮಾಡಿದವರದೇ. ನಿಲ್ಲಿಸದೆ ಹೋದರೆ, ತೂಗಿಸಲು ಒಪ್ಪದಿದ್ದರೆ 40,000 ರೂಪಾಯಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಹಿಂದೆ ಕೆಲವು ರಾಜ್ಯಗಳಲ್ಲಿ ಮುಂಗಡ ಹಣ ಕಟ್ಟಿಸಿಕೊಂಡು ಅತಿಭಾರದ ಲಾರಿಗಳಿಗೆ ಚೀಟಿ ಕೊಡುವ ಪದ್ಧತಿಯಿತ್ತು. ದಂಡವೇ ಪರವಾನಗಿಯಾದಂತಾಯಿತು. 2005ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇದು ಸಲ್ಲದೆಂದು ತೀರ್ಪಿತ್ತಿತು: ದಂಡ ಕಟ್ಟಿದವನಿಗೆ ಹೆಚ್ಚಿನ ಭಾರದೊಡನೆ ಮುಂದೆ ಸಾಗುವ ಹಕ್ಕು ಬರುವುದಿಲ್ಲ, ಸರಕನ್ನು ಇಳಿಸಲೇಬೇಕು. ಇದು ಸರಿಯಾದ ಮಾತು. ದಂಡದ ಹಣ ಖಜಾನೆ ಸೇರುತ್ತದೆ, ಭಾರ ಮಾತ್ರ ರಸ್ತೆಯ ಮೇಲೆಯೇ ಉಳಿಯುತ್ತದೆ.

‘ಮಿತಿಯೇ ಬಹಳ ಬಿಗಿ’ ಎನ್ನುವವರಿದ್ದಾರೆ. ಅದನ್ನೂ ಕೇಂದ್ರ ಸರ್ಕಾರ 2018ರ ಜುಲೈಯಲ್ಲಿ ಸಡಿಲಿಸಿ, ಮೇಲೆ ಹೇಳಿದ ಹಿಂದಿನ ಅಚ್ಚಿನ ಮಿತಿಯನ್ನು 10.2ರಿಂದ 11.5 ಟನ್ನಿಗೆ ಏರಿಸಿತು. ಅಷ್ಟರಿಂದಲೇ, ನಾಲ್ಕನೆಯ ಘಾತದ ಲೆಕ್ಕದಲ್ಲಿ, ಆ ಅಚ್ಚಿನ ಪೆಟ್ಟು ಸುಮಾರು 1.6 ಪಟ್ಟಾಗುತ್ತದೆ. ಕೊಡಬಹುದಾದ ಸಡಿಲವನ್ನು ಕೊಟ್ಟಾಗಿದೆ. ಅದರ ಮೇಲೆ ಇನ್ನೊಂದಿಷ್ಟು ಕದಿಯುವುದಕ್ಕೆ ಜಾಗವಿಲ್ಲ.

ತಪ್ಪು ಯಾರದು? ನನ್ನ ವಿದ್ಯಾರ್ಥಿ ಹೇಳಿದ: “ಸಿಕ್ಕಿಬಿದ್ದರೆ ದಂಡದಲ್ಲಿ ಅರ್ಧ ನನ್ನ ಸಂಬಳಕ್ಕೇ ಬರುತ್ತದೆ. ಒಲ್ಲೆನೆಂದರೆ ನಾಳೆಯೇ ಬೇರೆ ಡ್ರೈವರ್ ಬರುತ್ತಾನೆ.” ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಕಾನೂನು ಹಾಗೆ ಹೇಳುವುದಿಲ್ಲ. ಚಾಲಕ ಬೇರೆ, ಮಾಲೀಕ ಬೇರೆಯಾಗಿದ್ದರೆ, ಮಾಲೀಕನಿಗೆ ತಿಳಿದೋ ಅವನ ಆಜ್ಞೆಯಂತೆಯೋ ಇದು ನಡೆಯಿತೆಂದು ನ್ಯಾಯಾಲಯ ಭಾವಿಸಬಹುದು. ಓಡಿಸಿದವನಿಗಷ್ಟೇ ಅಲ್ಲ, ಓಡಿಸಲು ಬಿಟ್ಟವನಿಗೂ ದಂಡವುಂಟು. ಹೆದ್ದಾರಿಯಲ್ಲಿ ಹಿಡಿಯುವ ಹೊತ್ತಿಗೆ ಲಾರಿ ಎಷ್ಟೋ ಮೋರಿಗಳನ್ನು ದಾಟಿರುತ್ತದೆ. ಆದುದರಿಂದ ಗಣಿಯಲ್ಲಿ, ಕ್ರಷರಿನಲ್ಲಿ, ಮಂಡಿಯಲ್ಲಿ, ಹೇರುವ ಜಾಗದಲ್ಲಿಯೇ ತೂಗಿ ಬಿಡುವುದು ಎಲ್ಲಕ್ಕಿಂತ ಮೇಲು.

ಅದಕ್ಕೂ ಹಿಂದೆ ಇನ್ನೊಂದು ಮೆಟ್ಟಿಲಿದೆ. ಅದು ಸರಕು ತರಿಸುವ ನಮ್ಮ ಮನೆಯ ಬಾಗಿಲು. ಮನೆ ಕಟ್ಟಿಸುವ ವಾಚಕರು ‘ಎಷ್ಟು ಲೋಡು’ ಎಂದು ಕೇಳುವ ಬದಲು ‘ಎಷ್ಟು ಟನ್’ ಎಂದು ಕೇಳಿ, ವೇಬ್ರಿಜ್‌ನ ಚೀಟಿಯನ್ನು ನೋಡಿ ಹಣ ಕೊಡಲಿ. ಅಳತೆಯಲ್ಲಿ ಮೋಸವೂ ತಪ್ಪುತ್ತದೆ, ಮೋರಿಯೂ ಉಳಿಯುತ್ತದೆ.

ನಮ್ಮ ಮೋರಿಯನ್ನು ಈಗ ಮತ್ತೆ ಕಟ್ಟಿದ್ದಾರೆ. ನನ್ನ ಮನೆಗೆ ಉಳಿದಿದ್ದ ಜಲ್ಲಿ ಮೂರು ಲೋಡಿನಲ್ಲಿ ಬಂತು. ಬಾಡಿಗೆ ಕೊಡುವಾಗ ಮೂರನೆಯ ಲೋಡಿನ ಹಣವನ್ನು ನನ್ನ ವಿದ್ಯಾರ್ಥಿ ಎರಡು ಸಲ ಎಣಿಸಿಕೊಂಡ. ನಾನು ಚೌಕಾಸಿ ಮಾಡಲಿಲ್ಲ.