ತೋಪಿಗೆ ಬೇಕಾದದ್ದು ಪಿಕಾಸಿ

ಬೆಂಗಳೂರು ಬೆಳೆಯುತ್ತ ನುಂಗಿದ ಎಷ್ಟೋ ಹಳ್ಳಿಗಳಲ್ಲಿ ಕೆರೆಯ ಜೊತೆಗೆ ಗುಂಡುತೋಪೂ ಇತ್ತು. ಮಾವು, ಹಲಸು, ನೇರಳೆ, ಹುಣಸೆ. ದಾರಿಹೋಕರಿಗೆ, ದನಗಳಿಗೆ ನೆರಳು, ಊರಿಗೆ ಹಣ್ಣು. ಅಳಿದುಳಿದ ತೋಪುಗಳಿಗೆ ಈಗ ಅಪಾರ್ಟ್‌ಮೆಂಟುಗಳು ನೆರೆಹೊರೆ. ಮರ ನಗರಕ್ಕೆ ಏನು ಕೊಡುತ್ತದೆ ಎಂಬುದನ್ನು ಬೆಂಗಳೂರಿನ ರಸ್ತೆಗಳಲ್ಲೇ ಅಳೆದಿದ್ದಾರೆ. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮರಗಳಿರುವ ಬೀದಿಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿಯವರೆಗೆ ಕಡಿಮೆ, ಡಾಂಬರಿನದು 27.5 ಡಿಗ್ರಿಯವರೆಗೆ.

ಹಾಗಾಗಿ ಜೂನ್ ಬಂತೆಂದರೆ ಸುತ್ತಲಿನವರು ಸಸಿ ಹಿಡಿದು ತೋಪಿಗೆ ಬರುತ್ತಾರೆ. ಫೋಟೊಗೆ ಸಸಿ ಚೆನ್ನ, ಒಪ್ಪೋಣ. ಆದರೆ ಹಳೆಯ ತೋಪಿಗೆ ಮೊದಲು ಬೇಕಾದದ್ದು ಕಳೆ ಕೀಳುವ ಕೈ.

ಲಂಟಾನವನ್ನೇ ನೋಡಿ. ಅಮೆರಿಕದ ಉಷ್ಣವಲಯದ ಈ ಪೊದೆ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಕಲ್ಕತ್ತಕ್ಕೆ ಬಂತು. ಮರಗಳ ಅಡಿ ಅದು ಹಬ್ಬಿದರೆ ಬಿದ್ದ ನೇರಳೆ ಬೀಜ ಮೊಳೆತರೂ ಬೆಳಕಿಲ್ಲದೆ ಸೊರಗುತ್ತದೆ. ಮಚ್ಚಿನಿಂದ ಸವರಿದರೆ ಸಾಲದು. ಬುಡದಿಂದ ಮತ್ತೆ ಹತ್ತು ಚಿಗುರು. ಚಿಗುರುವ ಶಕ್ತಿ ಇರುವುದು ಕಾಂಡವೂ ಬೇರೂ ಕೂಡುವ ಕೊರಳಿನಲ್ಲಿ. ಅದಕ್ಕೇ ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನದಲ್ಲಿ ತಾಯಿಬೇರನ್ನು ಮಣ್ಣಿನೊಳಗೆ, ಕೊರಳಿನ ಕೆಳಗೆ ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಒಣಗಲು ಬಿಡುತ್ತಾರೆ. ಪಿಕಾಸಿ ಸಾಕು, ಔಷಧಿ ಬೇಡ. ಮಳೆಗೆ ನೆಲ ಮೆದುವಾದಾಗ, ಕಾಯಿ ಹಣ್ಣಾಗುವ ಮುನ್ನ ಮಾಡಿದರೆ ಒಳ್ಳೆಯದು.

ಅಷ್ಟಕ್ಕೇ ಮುಗಿಯುವುದಿಲ್ಲ. ಪಿಕಳಾರಗಳು ಬೇರೆಡೆ ಲಂಟಾನದ ಹಣ್ಣು ತಿಂದು ಬಂದು ಕೊಂಬೆಯ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಕೆಳಗೆ ಹೊಸ ಮೊಳಕೆ. ಗುತ್ತಿಗೆದಾರ ಒಮ್ಮೆ ಬಂದು ಹೋಗುತ್ತಾನೆ. ಹಕ್ಕಿ ಕೂರುವ ಮರ ಯಾವುದು, ಮೊಳಕೆ ಎಲ್ಲಿ ಏಳುತ್ತದೆ ಎಂದು ವರ್ಷವಿಡೀ ಗಮನಿಸಬಲ್ಲವರು ಪಕ್ಕದಲ್ಲೇ ಇರುವವರು. ಎಳೆಯ ಮೊಳಕೆಯನ್ನು ಮಕ್ಕಳೂ ಕಿತ್ತಾರು.

ಕೆಲವು ಕೆಲಸ ಮಾಡದಿರುವುದೂ ಆರೈಕೆಯೇ. ತರಗೆಲೆ ಗುಡಿಸಿ ಬೆಂಕಿ ಹಚ್ಚಿದರೆ ಶಿಲೀಂಧ್ರ, ಎರೆಹುಳುಗಳ ಊಟ ಬೂದಿಯಾಗುತ್ತದೆ. ಬುಡದ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿದರೆ ಬೇರಿಗೆ ನೀರು, ಗಾಳಿ ತಪ್ಪುತ್ತವೆ. ಎಲ್ಲೆಂದರಲ್ಲಿ ತುಳಿದರೂ ಮಣ್ಣಿನ ಸೂಕ್ಷ್ಮ ರಂಧ್ರಗಳು ಮುಚ್ಚಿ ಮಳೆನೀರು ಇಂಗದೆ ಹರಿದುಹೋಗುತ್ತದೆ. ಒಂದೇ ಕಾಲುದಾರಿ ಗುರುತಿಸಿ, ಉಳಿದ ನೆಲವನ್ನು ಅದರ ಪಾಡಿಗೆ ಬಿಡಬೇಕು. ಬೆಳಗಿನ ವಾಕಿಂಗಿನವರನ್ನು ಇದಕ್ಕೆ ಒಪ್ಪಿಸುವುದು ಲಂಟಾನ ಕೀಳುವುದಕ್ಕಿಂತ ಕಷ್ಟ.