ನೆಲಸುವುದು

‘ನಮ್ಮ ಹಿರಿಯರು ಪ್ಲೇಗಿನ ಕಾಲದಲ್ಲಿ ಇಲ್ಲಿಗೆ ಬಂದು ನೆಲಸಿದರು’ ಎಂಬ ಮಾತು ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆತನಗಳಲ್ಲಿ ಕೇಳಿಬರುವುದುಂಟು. ಮಾತೇನೋ ಸರಳವಾದುದೇ, ಆದರೆ ಅದರ ಕೊನೆಯ ಕ್ರಿಯಾಪದವನ್ನು ತುಸು ನಿಧಾನಿಸಿ ನೋಡೋಣ.

‘ನೆಲಸು’ ಎಂಬುದು ಅಚ್ಚಗನ್ನಡದ ಮಾತು. ಇಂದಿನ ಬರವಣಿಗೆಯಲ್ಲಿ ‘ನೆಲೆಸು’ ಎಂಬ ರೂಪವೂ ರೂಢವಾಗಿದೆ. ‘ನೆಲೆ’ ಎಂದರೆ ನಿಲ್ಲುವ ತಾಣ, ಸ್ಥಿರವಾದ ಆಶ್ರಯ. ‘ನಿಲ್ಲು’ ಎಂಬ ಧಾತುವಿಗೂ ಅದಕ್ಕೂ ಹತ್ತಿರದ ನಂಟು. ಆದುದರಿಂದ ಬಂದು ಸೇರಿದ ಮಾತ್ರಕ್ಕೆ ನೆಲಸಿದಂತಾಗಲಿಲ್ಲ. ಸೇನೆಯು ಬಯಲಿನಲ್ಲಿ ತಂಗಿದರೆ ‘ಬೀಡುಬಿಟ್ಟಿತು’ ಎನ್ನುತ್ತೇವೆಯೇ ಹೊರತು ನೆಲಸಿತೆನ್ನುವುದಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಾಗ, ಪೇಟೆಯ ಇಕ್ಕಟ್ಟಾದ ಕೇರಿಗಳನ್ನು ತೊರೆದ ಜನರು ಹೊರಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಅದು ಬೀಡು. ಮುಂದೆ ಅಗಲವಾದ ಬೀದಿಗಳೂ, ಮನೆಗಳ ಹಿಂದೆ ಕಸ ಸಾಗಿಸುವ ಓಣಿಗಳೂ ಉಳ್ಳ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿ, ಮಕ್ಕಳು ಮೊಮ್ಮಕ್ಕಳೊಡನೆ ಬಾಳತೊಡಗಿದರಲ್ಲ, ಆಗಲೇ ಅವರು ನೆಲಸಿದ್ದು.

ದೇವರು ಬೆಟ್ಟದ ಮೇಲೆ ನೆಲಸುತ್ತಾನೆ. ನಾಡಿನಲ್ಲಿ ಶಾಂತಿ ನೆಲಸುತ್ತದೆ. ಒಂದು ಉದ್ಯಮವೂ ನೆಲಸಬಹುದು. ಬಹುಕಾಲ ಮದರಾಸಿನ ಸ್ಟುಡಿಯೋಗಳನ್ನು ಆಶ್ರಯಿಸಿದ್ದ ಕನ್ನಡ ಚಿತ್ರೋದ್ಯಮವು ಕ್ರಮೇಣ ಬೆಂಗಳೂರಿಗೆ ಬಂದು, ನಿರ್ಮಾಪಕರ, ಹಂಚಿಕೆದಾರರ ಕಚೇರಿಗಳೊಡನೆ ಗಾಂಧಿನಗರದಲ್ಲಿ ನೆಲಸಿತು. ಎಷ್ಟರಮಟ್ಟಿಗೆಂದರೆ, ‘ಗಾಂಧಿನಗರ’ವೆಂಬುದೇ ಆ ಉದ್ಯಮದ ಹೆಸರಾಗಿಬಿಟ್ಟಿತು!

ಇನ್ನು ವ್ಯಾಕರಣದ ಒಂದು ಅಂಶ. ‘ಮಲ್ಲೇಶ್ವರದಲ್ಲಿ ನೆಲಸಿದರು’ ಎನ್ನುತ್ತೇವೆ. ‘ಮಲ್ಲೇಶ್ವರವನ್ನು ನೆಲಸಿದರು’ ಎಂದರೆ ಕನ್ನಡವಾಗದು. ಈ ಕ್ರಿಯಾಪದವು ಅಕರ್ಮಕ. ನೆಲವು ಇಲ್ಲಿ ಕರ್ಮವಲ್ಲ, ಆಧಾರ. ಅದಕ್ಕೆ ಸಪ್ತಮೀ ವಿಭಕ್ತಿಯೇ ಸಲ್ಲುತ್ತದೆ. ಇಂಗ್ಲಿಷಿನಲ್ಲಾದರೋ ಇದೇ ಅರ್ಥದ ಕ್ರಿಯಾಪದಕ್ಕೆ ನಾಡನ್ನೇ ಕರ್ಮವಾಗಿಸಬಹುದು. ನೆಲವನ್ನು ಕರ್ಮವಾಗಿಸಬೇಕಾದರೆ ನಾವು ‘ಊರು ಕಟ್ಟು’ ಎಂದು ಬೇರೆ ಮಾತನ್ನು ಹಿಡಿಯಬೇಕು. ಇತರರಿಗೆ ನೆಲೆ ಒದಗಿಸುವುದಾದರೆ ‘ನೆಲೆಗೊಳಿಸು’ ಎಂಬ ಸಕರ್ಮಕ ರೂಪವಿದೆ: 1960ರ ದಶಕದ ಆರಂಭದಲ್ಲಿ ಟಿಬೆಟಿನ ನಿರಾಶ್ರಿತರನ್ನು ಬೈಲುಕುಪ್ಪೆಯಲ್ಲಿ ನೆಲೆಗೊಳಿಸಲಾಯಿತು. ಪರದೇಶದವರು ಬಂದು ನಾಡನ್ನೇ ತಮ್ಮ ಅಧೀನ ಮಾಡಿಕೊಂಡರೆ ಈ ಎರಡು ಮಾತುಗಳೂ ಸಾಲವು. ಆಗ ‘ವಸಾಹತು ಸ್ಥಾಪಿಸಿದರು’ ಎನ್ನುತ್ತೇವೆ.

ಹೀಗೆ ‘ನೆಲಸು’ ಎಂಬುದು ಸೌಮ್ಯವಾದ ಮಾತು. ಅದರ ಕೊರತೆಯೂ ಇದೇ ಎಂದು ನನಗೆ ತೋರುತ್ತದೆ. ಕರ್ಮಪದವೇ ಇಲ್ಲದ ವಾಕ್ಯದಲ್ಲಿ, ಬಂದವನಿಗಿಂತ ಮೊದಲು ಅಲ್ಲಿದ್ದವನಿಗೆ ಎಡೆಯೆಲ್ಲಿ? ಬಡಾವಣೆಗಳು ಎದ್ದ ನೆಲವು ಬರಿದಾಗಿರಲಿಲ್ಲ. ಬಸವನಗುಡಿಯ ಎಡೆಯಲ್ಲಿ ಸುಂಕೇನಹಳ್ಳಿ ಎಂಬ ಊರಿತ್ತು. ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಾಲಯದ ಬಳಿ 1669ರ ಶಾಸನವಿದೆ. ದೇವರಿಗೆ ಮೇದರನಿಂಗನಹಳ್ಳಿಯನ್ನು ಏಕೋಜಿಯು ದತ್ತಿಯಾಗಿ ಬಿಟ್ಟುದನ್ನು ಅದು ತಿಳಿಸುತ್ತದೆ. ಆ ಹಳ್ಳಿಗಳಲ್ಲಿ ಉತ್ತು ಬಿತ್ತಿದವರು ಹೊಲಗಳು ಬೀದಿಗಳಾದ ಮೇಲೆ ಎಲ್ಲಿಗೆ ಹೋದರೆಂಬುದನ್ನು ‘ನೆಲಸು’ ಹೇಳದು.

ಅದನ್ನು ಹೇಳಲು ಕನ್ನಡದಲ್ಲಿ ‘ಒಕ್ಕಲು’ ಎಂಬ ಮಾತಿದೆ. ಒಕ್ಕಲೆಂದರೆ ವಾಸ, ಬೇಸಾಯ, ಬೇಸಾಯಗಾರ ಎಲ್ಲವೂ ಹೌದು. ಕೆಲವು ಕಡೆ ಗೃಹಪ್ರವೇಶಕ್ಕೆ ‘ಮನೆಯೊಕ್ಕಲು’ ಎನ್ನುವರು. ಇದೇ ಪದಕ್ಕೆ ‘ಎಬ್ಬಿಸು’ ಸೇರಿ ‘ಒಕ್ಕಲೆಬ್ಬಿಸು’ ಆಯಿತು. ಇಲ್ಲಿ ಎಬ್ಬಿಸಿದವನೂ ಉಂಟು, ಎದ್ದು ಹೋದವನೂ ಉಂಟು; ಯಾರನ್ನೂ ಮರೆಮಾಡಲು ಬಾರದು.

ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿಗಳ ರೈತರು ತಮ್ಮ ಮೊದಲ ಬೆಳೆಯನ್ನು ಬಸವಣ್ಣನಿಗೆ ಒಪ್ಪಿಸುತ್ತಿದ್ದರೆಂದು ಐತಿಹ್ಯ. ಇಂದಿಗೂ ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ದೂರದ ಹಳ್ಳಿಗಳ ರೈತರೂ ವ್ಯಾಪಾರಿಗಳೂ ಮೂಟೆಗಳೊಡನೆ ಬಂದು, ರಸ್ತೆಯ ಅಂಚಿನಲ್ಲಿ ರಾಶಿ ಸುರಿದು, ಕೆಲವು ದಿನ ಅಲ್ಲಿಯೇ ಬೀಡುಬಿಡುತ್ತಾರೆ.